16ನೇ ನಂಬರಿನ ಮನೆ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಒಂದು ದಿನ ಒಂದು ಆಫೀಸಿನಿಂದ ದೂರು ಬಂತು. "ಮಾತು ಚೆನ್ನಾಗೇ ಕೇಳುತ್ತೆ ಸಾರ್, ಫ್ಯಾಕ್ಸ್ ಮಾತ್ರ ಅರ್ಧಕ್ಕೇ ನಿಂತುಹೋಗುತ್ತೆ." ಹೋಗಿ ನೋಡಿದೆ. ಯಂತ್ರದ ಪಕ್ಕದಲ್ಲಿ ಅರ್ಧಂಬರ್ಧ ಅಚ್ಚಾದ ಹಾಳೆಗಳ ರಾಶಿ ಇತ್ತು. ಒಂದು ಹಾಳೆಯಲ್ಲಿ ನಾಲ್ಕು ಸಾಲು ನೆಟ್ಟಗೆ ಬಂದಿತ್ತು, ಐದನೆಯದು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತಿತ್ತು. ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡೆ. ಗರಗರ ಇಲ್ಲ, ಗದ್ದಲ ಇಲ್ಲ. ಸುಮ್ನೆ ಕೇಳುತ್ತಾ ನಿಂತಾಗ, ಹನ್ನೆರಡು ಹದಿಮೂರು ಸೆಕೆಂಡಿಗೊಮ್ಮೆ ಒಂದು ಸಣ್ಣ 'ಟಿಕ್' ಕೇಳಿಸಿತು.

ಆ ಟಿಕ್ ಏನು ಅಂತ ಹೇಳಬೇಕಾದರೆ, ಆ ಲೈನಿನೊಳಗೆ ಏನು ಓಡಾಡುತ್ತದೆ ಅಂತ ಮೊದಲು ಹೇಳಬೇಕು.

ಅಲ್ಲಿದ್ದದ್ದು ಪಿಆರ್‌ಐ ಲೈನು, ಅಂದರೆ ನಮ್ಮ ಎಕ್ಸ್‌ಚೇಂಜಿನಿಂದ ಆಫೀಸಿಗೆ ಹೋಗುವ ಡಿಜಿಟಲ್ ಲೈನು. ಹೋಗುವುದಕ್ಕೆ ಒಂದು ಕೇಬಲ್, ಬರುವುದಕ್ಕೆ ಇನ್ನೊಂದು. ಅಷ್ಟರಲ್ಲೇ 30 ಜನ ಒಟ್ಟಿಗೆ ಮಾತಾಡಬಹುದು. ಹೇಗೆ? ಡಿಜಿಟಲ್ ಲೈನಿನಲ್ಲಿ ದನಿ ದನಿಯಾಗಿ ಹೋಗುವುದಿಲ್ಲ, ಅಳತೆಯಾಗಿ ಹೋಗುತ್ತದೆ. ನಿಮ್ಮ ದನಿಯ ಏರಿಳಿತವನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಯಾಕೆ ಅಷ್ಟೇ? ಫೋನಿನಲ್ಲಿ ಹೋಗುವ ದನಿಯ ಕಂಪನ ಸೆಕೆಂಡಿಗೆ ಸುಮಾರು 3,400ರ ಒಳಗೇ ಇರುತ್ತದೆ. ಅದರ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಸಲ ಅಳೆದರೆ, ಆ ಕಡೆ ಅದೇ ದನಿಯನ್ನು ಮತ್ತೆ ಕಟ್ಟಬಹುದು. ಬಿಟ್ ಅಂದರೆ ಒಂದು ಸೊನ್ನೆ ಅಥವಾ ಒಂದು ಒಂದು. ಒಂದೊಂದು ಅಳತೆಗೆ 8 ಬಿಟ್, ಅಂದರೆ 256 ಮೆಟ್ಟಿಲು. ಎಂಟು ಸಾವಿರ ಸಲ ಎಂಟು. ಒಬ್ಬರ ಮಾತಿಗೆ ಸೆಕೆಂಡಿಗೆ 64,000 ಬಿಟ್ ಆಯಿತು.

ಈ ಮೆಟ್ಟಿಲುಗಳಲ್ಲಿ ಒಂದು ಜಾಣತನ ಇದೆ. ಮೆಟ್ಟಿಲುಗಳು ಒಂದೇ ಎತ್ತರ ಇಲ್ಲ. ಅಕ್ಕಸಾಲಿಗನ ತಕ್ಕಡಿಯಲ್ಲಿ ಗುಲಗಂಜಿ ತೂಕವೂ ಲೆಕ್ಕಕ್ಕೆ ಬರುತ್ತದೆ. ಮಂಡಿಯಲ್ಲಿ ಮೂಟೆ ತೂಗುವಾಗ ಒಂದು ಹಿಡಿ ಆಚೀಚೆಯಾದರೆ ಯಾರೂ ಕೇಳುವುದಿಲ್ಲ. ಹಾಗೆಯೇ ಪಿಸುಮಾತನ್ನು ನವಿರಾಗಿ ಅಳೆಯುತ್ತಾರೆ, ಜೋರು ದನಿಯನ್ನು ಒರಟಾಗಿ. ನಮ್ಮಲ್ಲಿ, ಯುರೋಪಿನಲ್ಲಿ ಬಳಸುವ ಈ ಅಳತೆಗೆ ಎ-ಲಾ ಅಂತ ಹೆಸರು. ಅಮೆರಿಕ, ಜಪಾನಿನದು ಬೇರೆ ಅಳತೆ, ಮ್ಯೂ-ಲಾ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ 30 ಜನ. ಚೌಕಾಬಾರದ ಮನೆಗಳನ್ನು ನೆನೆಸಿಕೊಳ್ಳಿ. 32 ಮನೆಗಳ ಒಂದು ಸಾಲು, ನಂಬರು ಸೊನ್ನೆಯಿಂದ 31ರವರೆಗೆ. ನಾವು ಇವನ್ನು ಟೈಮ್ ಸ್ಲಾಟ್ ಅನ್ನುತ್ತಿದ್ದೆವು. ಒಂದೊಂದು ಮನೆಯಲ್ಲಿ 8 ಬಿಟ್, ಒಬ್ಬರ ಒಂದು ಅಳತೆ. ಸಾಲು ಮುಗಿದ ಕೂಡಲೇ ಮತ್ತೆ ಮೊದಲ ಮನೆ. ಸೆಕೆಂಡಿಗೆ 8,000 ಸಲ ಈ ಸಾಲು ಓಡುತ್ತದೆ. ಒಟ್ಟು 20 ಲಕ್ಷದ 48 ಸಾವಿರ ಬಿಟ್. ನೀವು 'ಹಲೋ' ಅನ್ನುವಷ್ಟರಲ್ಲಿ ನಿಮ್ಮ ಮನೆಯ ಸರದಿ ಸಾವಿರಾರು ಸಲ ಬಂದು ಹೋಗಿರುತ್ತದೆ.

ಸೊನ್ನೆ ನಂಬರಿನ ಮನೆಯಲ್ಲಿ ಯಾರ ಮಾತೂ ಇಲ್ಲ. ಅಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ಅದೇ ಗುರುತು ಬರುತ್ತಿರುತ್ತದೆ. ಸೊನ್ನೆ ಸೊನ್ನೆ ಒಂದು ಒಂದು ಸೊನ್ನೆ ಒಂದು ಒಂದು. ಸಾಲು ಎಲ್ಲಿಂದ ಶುರು ಅಂತ ಆ ಕಡೆಯವರಿಗೆ ತಿಳಿಯುವುದೇ ಇದರಿಂದ. ಅದು ಸಿಗದಿದ್ದರೆ ನಿಮ್ಮ ಮಾತು ಯಾರದೋ ಕಿವಿಗೆ ಬೀಳಬೇಕಾಗುತ್ತದೆ. ಹಾಗಾಗದಿರಲಿ ಅಂತ ಯಂತ್ರ ಆ ಗಳಿಗೆಯಲ್ಲೇ ಕೆಂಪು ದೀಪ ಹಚ್ಚಿ ಲೈನು ನಿಲ್ಲಿಸುತ್ತದೆ.

ಇನ್ನು 16ನೇ ನಂಬರಿನ ಮನೆ. ನನಗೆ ತುಂಬ ಇಷ್ಟವಾದ ಮನೆ ಇದು. ಇಲ್ಲಿಯೂ ಮಾತಿಲ್ಲ, ಆದರೆ ಎಲ್ಲರ ಮಾತಿನ ಏರ್ಪಾಡು ಇಲ್ಲೇ ನಡೆಯುತ್ತದೆ. ಯಾರು ಯಾರಿಗೆ ಕರೆ ಮಾಡುತ್ತಿದ್ದಾರೆ, ಆ ಕಡೆ ಗಂಟೆ ಬಡಿಯುತ್ತಿದೆಯಾ, ಎತ್ತಿದರಾ, ಇಟ್ಟರಾ, ಎಲ್ಲವೂ. ಇದಕ್ಕೆ ಸಿಗ್ನಲಿಂಗ್ ಅನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಮಾತು ಹೋಗುವ ದಾರಿಯಲ್ಲೇ ಸಿಗ್ನಲ್ಲೂ ಶಿಳ್ಳೆಯ ರೂಪದಲ್ಲಿ ಹೋಗುತ್ತಿತ್ತು. ಅಮೆರಿಕದಲ್ಲಿ 2,600 ಹರ್ಟ್ಸ್‌ನ ಶಿಳ್ಳೆ ಕೇಳಿಸಿತು ಅಂದರೆ ದೂರದೂರಿನ ಟ್ರಂಕ್ ಲೈನು ಖಾಲಿ ಅಂತ ಅರ್ಥ. ತಿಂಡಿ ಡಬ್ಬಿಯಲ್ಲಿ ಬಿಟ್ಟಿ ಬರುತ್ತಿದ್ದ ಒಂದು ಆಟದ ಪೀಪಿ ಅದೇ ಸ್ವರ ಊದುತ್ತಿತ್ತು. ಅದನ್ನು ಊದಿ, ಲೈನು ಖಾಲಿ ಅಂತ ಯಂತ್ರವನ್ನು ನಂಬಿಸಿ, ಜನ ದುಡ್ಡು ಕೊಡದೆ ದೂರದೂರಿಗೆ ಮಾತಾಡಿದರು. ಏರ್ಪಾಡನ್ನು ಮಾತಿನಿಂದ ಬೇರೆ ಮನೆಗೆ ಕಳಿಸಿದ ಮೇಲೆ ಯಾವ ಪೀಪಿಯ ಆಟವೂ ನಡೆಯಲಿಲ್ಲ.

16ನೇ ಮನೆಯಲ್ಲೂ ಮೊದಮೊದಲು ತೀರಾ ಬಿಗಿ ಲೆಕ್ಕ. ಒಬ್ಬೊಬ್ಬರಿಗೆ 4 ಬಿಟ್. ಒಂದು ಸಾಲಿನಲ್ಲಿ ಇಬ್ಬರ ಸರದಿ. 15 ಸಾಲಿನಲ್ಲಿ 30 ಜನರದೂ ಮುಗಿಯುತ್ತಿತ್ತು. ಪಿಆರ್‌ಐ ಬಂದಾಗ ಇದೇ ಮನೆ ಡಿ ಚಾನೆಲ್ ಆಯಿತು. ಚೀಟಿ ಕಳಿಸಿದ ಹಾಗೆ ಪೂರ್ತಿ ಸಂದೇಶಗಳು ಓಡಾಡತೊಡಗಿದವು. 'ಸೆಟಪ್' ಅಂತ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಕರೆ ಮಾಡಿದವರ ನಂಬರು, ಕರೆ ಹೋಗಬೇಕಾದ ನಂಬರು, ಜೊತೆಗೆ ಇನ್ನೊಂದು ವಿಷಯ ಇರುತ್ತದೆ: ಇದು ಮಾತೋ, ಡೇಟಾನೋ.

ಅದು ಯಾಕೆ ಬೇಕು? ಮನೆಗಳಿಗೆ ಒಳಗಿರುವುದು ಏನು ಅಂತ ಗೊತ್ತಿಲ್ಲ. ಅಮ್ಮನ ದನಿಯೂ 8 ಬಿಟ್, ಬ್ಯಾಂಕಿನ ಲೆಕ್ಕವೂ 8 ಬಿಟ್. ಆದರೆ ಕರೆ ಅಮೆರಿಕಕ್ಕೆ ಹೋಗುವಾಗ ದಾರಿಯಲ್ಲಿ ಎ-ಲಾ ಅಳತೆಯನ್ನು ಮ್ಯೂ-ಲಾಗೆ ಬದಲಾಯಿಸಬೇಕಲ್ವಾ? ಮಾತಿಗೆ ಅದನ್ನು ಮಾಡಲೇಬೇಕು. ಕಂಪ್ಯೂಟರಿನಿಂದ ನೇರ ಬಂದ ಡೇಟಾಗೆ ಮಾಡಿದರೆ ಅಂಕಿಗಳು ಹಾಳು. ಕೈ ಹಚ್ಚಬೇಕಾ, ಹಾಗೇ ಬಿಡಬೇಕಾ ಅಂತ ಹೇಳುವುದು 16ನೇ ಮನೆಯ ಆ ಚೀಟಿ. ಮಾತೂ ಡೇಟಾನೂ ಒಂದೇ ಕೇಬಲ್ಲಿನಲ್ಲಿ ಬಾಳುವುದು ಇದರ ಕೃಪೆಯಿಂದ.

ಈ ಏರ್ಪಾಡಿನ ದಾರಿಯಲ್ಲೇ ಮುಂದೆ ಮೊಬೈಲಿನ ಎಸ್‌ಎಂಎಸ್ ಕೂಡ ಸವಾರಿ ಮಾಡಿತು. ಅಲ್ಲಿನ ಚೀಟಿಯಲ್ಲಿ ಸಂದೇಶಕ್ಕೆ ಸಿಗುವ ಜಾಗ 140 ಬೈಟ್. ಅದಕ್ಕೇ ಇಂಗ್ಲಿಷಿನಲ್ಲಿ 160 ಅಕ್ಷರ, ಕನ್ನಡದಲ್ಲಿ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. 'ಲಕ್ಷ್ಮಿ' ಅಂತ ಬರೆದರೆ ಏಳು ಖರ್ಚು.

ದನಿಯನ್ನು ಅಂಕಿ ಮಾಡುವ ಈ ಯೋಚನೆ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರದು. ಪ್ಯಾರಿಸ್ಸಿನಲ್ಲಿದ್ದಾಗ 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಆಗ ಇದ್ದದ್ದು ವಾಲ್ವ್‌ಗಳು, ಕೈಗೆಟುಕುವ ಬೆಲೆಯಲ್ಲಿ ಮಾಡಲು ಆಗಲಿಲ್ಲ. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ ಅಮೆರಿಕದಲ್ಲಿ 24 ಮಾತಿನ ಲೈನು ಶುರುವಾಯಿತು. ನಮ್ಮ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ಹಳ್ಳಿಗಳಿಗೆಂದೇ ಮಾಡಿದ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎಸಿ ಇಲ್ಲದೆ, ಧೂಳು ಬಿಸಿಲು ತಡೆದು ನಡೆಯುವಂಥದ್ದು. ಚೆನ್ನಮ್ಮನ ಊರಿಗೆ ಆ ಹೆಮ್ಮೆಯೂ ಸೇರಿದೆ ಅಂತ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಸರಿ, ಆ ಟಿಕ್. ಆಫೀಸಿನ ಇಪಿಎಬಿಎಕ್ಸ್, ಅಂದರೆ ಅವರದೇ ಒಳಗಿನ ಪುಟ್ಟ ಎಕ್ಸ್‌ಚೇಂಜು, ನಮ್ಮ ಎಕ್ಸ್‌ಚೇಂಜಿನ ಗಡಿಯಾರವನ್ನು ಅನುಸರಿಸಬೇಕಿತ್ತು. ಯಾರೋ ಅದನ್ನು ಸ್ವಂತ ಗಡಿಯಾರಕ್ಕೆ ಬಿಟ್ಟಿದ್ದರು. ವ್ಯತ್ಯಾಸ ಹತ್ತು ಲಕ್ಷಕ್ಕೆ ಹತ್ತು ಪಾಲು. ಕೈಗಡಿಯಾರವಾಗಿದ್ದರೆ ದಿನಕ್ಕೆ ಒಂದು ಸೆಕೆಂಡೂ ತಪ್ಪುತ್ತಿರಲಿಲ್ಲ. ಆದರೆ ಇಲ್ಲಿ ಹನ್ನೆರಡೂವರೆ ಸೆಕೆಂಡಿಗೊಮ್ಮೆ 32 ಮನೆಗಳ ಒಂದು ಇಡೀ ಸಾಲು ಬಿದ್ದುಹೋಗುತ್ತಿತ್ತು. ಮಾತಾಡುವವರು ಆ ಟಿಕ್ ಗಮನಿಸುವುದೇ ಇಲ್ಲ. ಕಿವಿ ಕ್ಷಮಿಸುತ್ತದೆ, ಫ್ಯಾಕ್ಸ್ ಕ್ಷಮಿಸುವುದಿಲ್ಲ.

ಗಡಿಯಾರವನ್ನು ಲೈನಿಗೆ ಹೊಂದಿಸಿದೆ. ಆ ಕಡೆಯವರಿಗೆ ಮತ್ತೆ ಕಳಿಸಲು ಹೇಳಿದೆವು. ಹಾಳೆ ನಿಧಾನವಾಗಿ ಹೊರಬಂತು. ಐದನೇ ಸಾಲು ಬಂತು, ಆರನೆಯದು ಬಂತು, ಕೊನೆಗೆ ಸಹಿಯೂ ಮೊಹರೂ ಬಂದವು. ಆದರೂ ನನಗೆ ಸಮಾಧಾನವಾಗಲಿಲ್ಲ. ಹತ್ತು ನಿಮಿಷ ರಿಸೀವರ್ ಕಿವಿಗಿಟ್ಟು ಅಲ್ಲೇ ಕೂತೆ. ಟಿಕ್ ಬರಲಿಲ್ಲ.

ನಮಸ್ಕಾರ.