ರೇಷನ್ ಕಾರ್ಡಿಗೆ ಅಡ್ರೆಸ್ ಬೇಕು, ರಾಜ್ಯಸಭೆಗೆ ಬೇಡ!

ನಮಸ್ಕಾರ, ನಮಸ್ಕಾರ. ಇಯರ್‌ಫೋನ್ ಹಾಕಿಕೊಂಡವರು ವಾಲ್ಯೂಮ್ ಸ್ವಲ್ಪ ಇಳಿಸಿಬಿಡಿ. ಇವತ್ತು ನಾನು ಜೋರಾಗಿ ಮಾತಾಡೋ ಲಕ್ಷಣ ಇದೆ.

ಆಗಿದ್ದು ಇಷ್ಟು. ಕಳೆದ ವಾರ ಅಮ್ಮನ ರೇಷನ್ ಕಾರ್ಡಿನ ಅಡ್ರೆಸ್ ಬದಲಾಯಿಸೋಕೆ ಹೋಗಿದ್ದೆ. ತಿಪಟೂರಿನಿಂದ ಬೆಂಗಳೂರಿಗೆ. ಅಮ್ಮ ನಮ್ಮ ಮನೆಗೆ ಬಂದು ಎರಡು ವರ್ಷ ಆಯ್ತು. ಕೌಂಟರಿನಲ್ಲಿ ಕೂತಿದ್ದವರು ನನ್ನ ಕರೆಂಟ್ ಬಿಲ್ಲನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು ನೋಡಿದರು, ನಾನೇನೋ ಖೋಟಾ ನೋಟು ಕೊಟ್ಟ ಹಾಗೆ. ಆಮೇಲೆ ಬಾಡಿಗೆ ಕರಾರು ಪತ್ರ ತೆಗೆದುಕೊಂಡರು. ಎರಡನ್ನೂ ಪಕ್ಕಪಕ್ಕ ಇಟ್ಟರು. "ಇದರಲ್ಲಿ ಮೂರನೇ ಕ್ರಾಸ್ ಅಂತಿದೆ, ಅದರಲ್ಲಿ ಮೂರನೇ ಅಡ್ಡರಸ್ತೆ ಅಂತಿದೆ" ಅಂದರು. ಎರಡೂ ಒಂದೇ ಸರ್ ಅಂದೆ. "ಒಂದೇ ಅಂತ ಎಲ್ಲಿ ಬರೆದಿದೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಮೂರನೇ ಕ್ಲಾಸಲ್ಲಿ ಮಗ್ಗಿ ತಪ್ಪಿದಾಗ ನೋಡುತ್ತಿದ್ದ ನೋಟ ಅದು.

ವಾಪಸ್ ಮನೆಗೆ ಬಂದೆ. ಮೊಬೈಲ್ ತೆಗೆದೆ. ಹೋದ ಸಲ ರಾಜ್ಯಸಭೆ ಬಗ್ಗೆ ಒಂದು ವಿಡಿಯೊ ಮಾಡಿದ್ದೆನಲ್ಲ, ಅದರ ಕೆಳಗೆ ಒಂದು ಕಾಮೆಂಟ್. "ಯಾವ ಊರಿನವರಾದ್ರೆ ಏನ್ ಗುರು, ಕೆಲಸ ಮಾಡಿದ್ರೆ ಸಾಕಲ್ವಾ?" ಅದಕ್ಕೆ ರಾಶಿ ಲೈಕು ಬೇರೆ!

ಗುರು, ನನ್ನ ಅಮ್ಮ ಯಾವ ಊರಿನವರು ಅನ್ನೋದು ಐದು ಕೆಜಿ ಅಕ್ಕಿಗೆ ಮುಖ್ಯ. ಕರ್ನಾಟಕದ ಹೆಸರಲ್ಲಿ ದೆಹಲಿಯಲ್ಲಿ ಆರು ವರ್ಷ ಕೂರುವವರು ಯಾವ ಊರಿನವರು ಅನ್ನೋದು ಮುಖ್ಯ ಅಲ್ಲ. ಇದು ಯಾವ ಸೀಮೆ ನ್ಯಾಯ?

ನಾನು ಗಾಳಿಯಲ್ಲಿ ಮಾತಾಡುತ್ತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆ ಇದೆಯಲ್ಲ, ಅದರಲ್ಲಿ ಮೊದಲು ಒಂದು ಸಣ್ಣ ಷರತ್ತು ಇತ್ತು. ಯಾವ ರಾಜ್ಯದಿಂದ ರಾಜ್ಯಸಭೆಗೆ ನಿಲ್ಲುತ್ತೀರೋ, ಆ ರಾಜ್ಯದ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬೇಕು. ಅಷ್ಟೇ. 2003ರಲ್ಲಿ ತಿದ್ದುಪಡಿ ತಂದು ಅದನ್ನು ಕಿತ್ತುಹಾಕಿದರು. ಈಗ ಭಾರತದಲ್ಲಿ ಎಲ್ಲಾದರೂ ವೋಟರ್ ಆಗಿದ್ದರೆ ಸಾಕು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಕೆಲಸವೂ ಆಯ್ತು. ಶಾಸಕರು ತಾವು ಹಾಕಿದ ಮತವನ್ನು ಪಕ್ಷದ ಏಜೆಂಟಿಗೆ ತೋರಿಸಬೇಕು ಅಂತ ಮಾಡಿದರು. ಅಂದರೆ ಶಾಸಕರು ವೋಟು ತೋರಿಸಬೇಕು, ಅಭ್ಯರ್ಥಿ ಮನೆ ತೋರಿಸಬೇಕಿಲ್ಲ! ಈ ಸಾಲು ನನ್ನದೇ. ಸ್ಟೇಟಸ್‌ಗೆ ಹಾಕಿಕೊಳ್ಳೋರು ಚಾನೆಲ್ ಹೆಸರು ಹಾಕಿ.

ಸ್ವಲ್ಪ ಹಿಂದಕ್ಕೆ ಹೋಗೋಣ. 1952ರಲ್ಲಿ ರಾಜ್ಯಸಭೆ ಶುರುವಾದಾಗ ಹಳೇ ಮೈಸೂರು ರಾಜ್ಯಕ್ಕೆ ಸಿಕ್ಕಿದ್ದು ಆರು ಸೀಟು. 1956ರಲ್ಲಿ ಬಾಂಬೆ ಕಡೆಯ ಕನ್ನಡ ಜಿಲ್ಲೆಗಳು, ಹೈದರಾಬಾದ್ ಕರ್ನಾಟಕ, ದಕ್ಷಿಣ ಕನ್ನಡ, ಕೊಡಗು ಎಲ್ಲ ಸೇರಿ ದೊಡ್ಡ ಮೈಸೂರು ಆಯ್ತು, ಸೀಟು ಹನ್ನೆರಡಾಯ್ತು. ಹನ್ನೆರಡೇ ಯಾಕೆ? ಲೆಕ್ಕ ಇದೆ. ಮೊದಲ 50 ಲಕ್ಷ ಜನಕ್ಕೆ ಹತ್ತು ಲಕ್ಷಕ್ಕೊಂದು ಸೀಟು, ಆಮೇಲೆ 20 ಲಕ್ಷಕ್ಕೊಂದು. ಆಗ ನಮ್ಮ ಜನಸಂಖ್ಯೆ 1951ರ ಗಣತಿ ಪ್ರಕಾರ 2 ಕೋಟಿಗೆ ಚೂರು ಕಮ್ಮಿ. ಐದು ಪ್ಲಸ್ ಏಳು, ಹನ್ನೆರಡು. ಮುಗೀತು. 2011ರ ಗಣತಿಗೆ 6 ಕೋಟಿ ದಾಟಿದ್ದೇವೆ, ಸೀಟು ಈಗಲೂ ಹನ್ನೆರಡೇ. ಅದೇ ಸೂತ್ರ ಹಾಕಿದರೆ 33 ಬರುತ್ತೆ, ನಾನು ಪೇಪರಲ್ಲಿ ಕೂಡಿ ನೋಡಿದೆ. ಎಲ್ಲ ರಾಜ್ಯಕ್ಕೂ ಹಾಗೇ ಹೆಚ್ಚಾಗುತ್ತಲ್ಲ ಅಂತ ಈಗಲೇ ಟೈಪ್ ಮಾಡಬೇಡಿ. ಗೊತ್ತು. ಅದು ಇನ್ನೊಂದು ವಿಡಿಯೊ. ಬೆಲ್ ಒತ್ತಿದವರಿಗೆ ಮೊದಲು ಬರುತ್ತೆ.

ಹನ್ನೆರಡರಲ್ಲಿ ಎರಡು ವರ್ಷಕ್ಕೊಮ್ಮೆ ನಾಲ್ಕು ಖಾಲಿ ಆಗುತ್ತವೆ. ನಮ್ಮ 224 ಶಾಸಕರು ವೋಟು ಹಾಕುತ್ತಾರೆ. ಒಬ್ಬರು ಗೆಲ್ಲೋಕೆ 45 ಮತ ಸಾಕು. ಆ 45 ಮತಕ್ಕೆ ಹೋಟೆಲ್, ರೆಸಾರ್ಟ್, ಬಸ್ಸು, ಬಸ್ಸಿನ ಹಿಂದೆ ಟಿವಿಯವರ ಕಾರು. 2022ರಲ್ಲಿ ಕೋಲಾರದ ಜೆಡಿಎಸ್ ಶಾಸಕರು ಕಾಂಗ್ರೆಸ್ಸಿಗೆ ವೋಟು ಹಾಕಿ ಬಂದು, ಆ ಪಕ್ಷ ಕಂಡರೆ ಪ್ರೀತಿ ಅಂತ ಕ್ಯಾಮೆರಾ ಮುಂದೆಯೇ ಹೇಳಿದರು. ಆ ಪ್ರಾಮಾಣಿಕತೆಗೆ ಒಂದು ನಮಸ್ಕಾರ. ಪ್ರೀತಿಗೂ ಅಡ್ರೆಸ್ ಪ್ರೂಫ್ ಬೇಕಿಲ್ಲ ನೋಡಿ.

ಒಂದು ಕಾಲದಲ್ಲಿ ಈ ಸೀಟುಗಳಿಗೆ ಎಂಥ ತೂಕ ಇತ್ತು ಗೊತ್ತಾ? ರಾಜ್ಯಸಭೆಯ ಮೊದಲ ಉಪಸಭಾಪತಿ ನಮ್ಮ ಮೈಸೂರಿನ ಎಸ್.ವಿ. ಕೃಷ್ಣಮೂರ್ತಿ ರಾವ್, 1952ರಿಂದ 1962. ಅವರಾದ ಮೇಲೆ ವಯೊಲೆಟ್ ಆಳ್ವ, 1969ರವರೆಗೆ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಹದಿನೇಳು ವರ್ಷ ಆ ಕುರ್ಚಿ ಮೈಸೂರು ಬಿಟ್ಟು ಅಲ್ಲಾಡಲಿಲ್ಲ ಸ್ವಾಮಿ! ಹುಬ್ಬಳ್ಳಿಯ ಪಾಟೀಲ ಪುಟ್ಟಪ್ಪ, ನಮ್ಮ ಪಾಪು, 1962ರಿಂದ ಹನ್ನೆರಡು ವರ್ಷ ಅಲ್ಲಿದ್ದರು. ಪಾಪು ಯಾವ ಊರಿನವರು ಅಂತ ಯಾರಾದರೂ ಕೇಳಬೇಕಿತ್ತಾ? ಬಾಯಿ ತೆರೆದರೆ ಸಾಕು, ಹುಬ್ಬಳ್ಳಿ ಹೊರಗೆ ಬರುತ್ತಿತ್ತು. ಮಾರ್ಗರೆಟ್ ಆಳ್ವ 1974ರಿಂದ 1998, ಇಪ್ಪತ್ನಾಲ್ಕು ವರ್ಷ. ಮಂಡ್ಯ ಕಡೆಯ ರೆಹಮಾನ್ ಖಾನ್ 2004ರಿಂದ 2012ರವರೆಗೆ ಮತ್ತೆ ಅದೇ ಉಪಸಭಾಪತಿ ಕುರ್ಚಿ. ದೇವೇಗೌಡರು 1996ರಲ್ಲಿ ಪ್ರಧಾನಿ ಆದಾಗ ಸಂಸತ್ತಿನ ಯಾವ ಮನೆಯಲ್ಲೂ ಇರಲಿಲ್ಲ. ಎಲ್ಲಿಂದ ಆಯ್ಕೆಯಾಗಿ ಹೋದರು? ಇಲ್ಲಿಂದಲೇ.

ಈಗ ಯಾರೋ ಬುದ್ಧಿವಂತರು ಗೂಗಲ್ ಮಾಡಿರುತ್ತಾರೆ. "ವಯೊಲೆಟ್ ಆಳ್ವ ಹುಟ್ಟಿದ್ದು ಅಹಮದಾಬಾದಿನಲ್ಲಿ, 1952ರಲ್ಲಿ ರಾಜ್ಯಸಭೆಗೆ ಹೋಗಿದ್ದು ಬಾಂಬೆಯಿಂದ" ಅಂತ. ಹೌದಪ್ಪ, ಹೌದು. ಅವರ ಗಂಡ ಜೋಕಿಂ ಆಳ್ವ ಉಡುಪಿ ಕಡೆಯವರು, ಕೆನರಾದಿಂದ ಲೋಕಸಭೆಗೆ ಗೆದ್ದವರು. ಸೊಸೆ ಅಂದ ಮೇಲೆ ನಮ್ಮವರೇ. ಆ ವಿಷಯ ಅಲ್ಲಿಗೆ ಮುಗೀತು.

ಹ್ಞಾಂ, ಎಲ್ಲಿದ್ದೆ? ಅಡ್ರೆಸ್.

ವೆಂಕಯ್ಯ ನಾಯ್ಡು. ನೆಲ್ಲೂರಿನವರು, ಒಳ್ಳೆ ಮಾತುಗಾರರು, ಪ್ರಾಸ ಕಟ್ಟೋದರಲ್ಲಿ ಅವರನ್ನು ಮೀರಿಸೋರಿಲ್ಲ. 1998, 2004, 2010, ಮೂರು ಸಲ ಕರ್ನಾಟಕದಿಂದ. 2016ರಲ್ಲಿ ನಾಲ್ಕನೇ ಸಲ ಬರುತ್ತಾರೆ ಅಂದಾಗ ನಮ್ಮ ಹುಡುಗರು ಅವರದೇ ಧಾಟಿಯಲ್ಲಿ ಪ್ರಾಸ ಕಟ್ಟಿದರು. "ವೆಂಕಯ್ಯ ಸಾಕಯ್ಯ!" ಕನ್ನಡ ಟ್ವಿಟರಿನಲ್ಲಿ ಅಷ್ಟು ಒಳ್ಳೆ ಎರಡು ಪದ ಮತ್ತೆ ಬಂದಿಲ್ಲ. ಪಕ್ಷ ಅವರನ್ನು ರಾಜಸ್ಥಾನಕ್ಕೆ ಕಳಿಸಿತು. ನಾವು ಗೆದ್ದೆವು ಅಂತ ಪಟಾಕಿ ಹಚ್ಚೋ ಹೊತ್ತಿಗೆ ಯಾರು ಬಂದರು? ಅಲ್ಲಿಯವರೆಗೆ ಆಂಧ್ರದ ಸೀಟಿನಲ್ಲಿದ್ದ ನಿರ್ಮಲಾ ಸೀತಾರಾಮನ್. 2022ರಲ್ಲಿ ಮತ್ತೊಮ್ಮೆ ಅವರೇ.

ಇನ್ನೊಂದು ಪಕ್ಷದವರು ಚಪ್ಪಾಳೆ ಹೊಡೆಯಬೇಡಿ, ನಿಮ್ಮ ಮನೆಗೂ ಬಂದೆ. ಜೈರಾಂ ರಮೇಶ್ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. 2004ರಿಂದ 2016ರವರೆಗೆ ಅವರು ಯಾವ ಸೀಟಿನಲ್ಲಿದ್ದರು? ಆಂಧ್ರದ್ದು! ಗಮನ ಇಟ್ಟು ಕೇಳಿ. ಹನ್ನೆರಡು ವರ್ಷ ನೆಲ್ಲೂರಿನವರು ಕರ್ನಾಟಕದ ಸೀಟಲ್ಲಿ, ಚಿಕ್ಕಮಗಳೂರಲ್ಲಿ ಹುಟ್ಟಿದವರು ಆಂಧ್ರದ ಸೀಟಲ್ಲಿ. ಇಬ್ಬರೂ ಒಂದೇ ಸಭೆಯಲ್ಲಿ. ಎದ್ದು ಸೀಟು ಬದಲಾಯಿಸಿಕೊಂಡಿದ್ದರೆ ಸಾಕಿತ್ತು, ಒಂದು ನಿಮಿಷದ ಕೆಲಸ. ಬಸ್ಸಲ್ಲಿ ನಾವು ಮಾಡಲ್ವಾ? "ಸಾರ್, ನಮ್ಮ ಮನೆಯವರು ಇಲ್ಲಿದ್ದಾರೆ, ಸ್ವಲ್ಪ ಆ ಕಡೆ ಕೂತ್ಕೋತೀರಾ?"

2024ರಲ್ಲಿ ಅಜಯ್ ಮಾಕೆನ್. ದೆಹಲಿಯವರು. 2022ರಲ್ಲಿ ಹರಿಯಾಣದಿಂದ ನಿಂತು ಸೋತರು, ಎರಡು ವರ್ಷಕ್ಕೆ ಇಲ್ಲಿಂದ ಗೆದ್ದರು. ಹರಿಯಾಣದಲ್ಲಿ ಫೇಲಾದರೆ ಸಪ್ಲಿಮೆಂಟರಿ ಬರೆಯೋಕೆ ಕರ್ನಾಟಕ ಸೆಂಟರ್.

2011 ನೆನಪಿದೆಯಾ? ಉಪಚುನಾವಣೆ. ಒಂದು ಕಡೆ ಹೇಮಾ ಮಾಲಿನಿ, ಇನ್ನೊಂದು ಕಡೆ ನಮ್ಮ ಕೆ. ಮರುಳಸಿದ್ದಪ್ಪ, ಕನ್ನಡ ನಾಟಕ, ವಿಮರ್ಶೆ ಅಂತ ಜೀವನ ಪೂರ್ತಿ ಕೆಲಸ ಮಾಡಿದ ಮೇಷ್ಟ್ರು. ಯಾರು ಗೆದ್ದರು ಅಂತ ನಾನು ಹೇಳಬೇಕಾ? ಹೇಮಾ ಮಾಲಿನಿಯವರ ಬಗ್ಗೆ ನಮಗೆ ಬೇಜಾರಿಲ್ಲ. ನಮ್ಮಪ್ಪ ಇದ್ದಿದ್ದರೆ ಅವರೇ ಹೋಗಿ ವೋಟು ಹಾಕುತ್ತಿದ್ದರು. ಪ್ರಶ್ನೆ ಒಂದೇ. ಅವರ ಕರೆಂಟ್ ಬಿಲ್ಲಲ್ಲಿ ಯಾವ ಕ್ರಾಸ್ ಇತ್ತು?

ಈಗ ಬರುತ್ತಾರೆ ಕಾನೂನು ಓದಿದವರು. "ಸಾರ್, ಪತ್ರಕರ್ತ ಕುಲದೀಪ್ ನಯ್ಯರ್ ಇದನ್ನೇ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2006ರಲ್ಲಿ ಐದು ಜಡ್ಜುಗಳು ತೀರ್ಪು ಕೊಟ್ಟರು. ವಾಸದ ಷರತ್ತು ಹಾಕೋದು ಬಿಡೋದು ಸಂಸತ್ತಿಗೆ ಬಿಟ್ಟಿದ್ದು ಅಂದರು." ಗೊತ್ತು ಸ್ವಾಮಿ. ಸಂಸತ್ತಿಗೆ ಬಿಟ್ಟಿದ್ದು ಅಂದರೆ ಸಂಸತ್ತು ವಾಪಸ್ ಹಾಕಬಹುದು ಅಂತಲೂ ಅರ್ಥ ಅಲ್ವಾ? ಕಾನೂನಲ್ಲಿ ತಪ್ಪಲ್ಲ ಅಂದರೆ ಸರಿ ಅಂತಾನಾ? ಮದುವೆ ಮನೆಯಲ್ಲಿ ಮೂರು ಪಂಕ್ತಿ ಊಟ ಮಾಡೋದೂ ಕಾನೂನಲ್ಲಿ ತಪ್ಪಲ್ಲ.

ಇನ್ನು ಕೆಲವರು, "ಹಳೇ ಷರತ್ತು ಇದ್ದಾಗಲೂ ಹೊರಗಿನವರು ಬರುತ್ತಿದ್ದರಲ್ಲ, ಮನಮೋಹನ್ ಸಿಂಗ್ 1991ರಲ್ಲೇ ಅಸ್ಸಾಮಿನಿಂದ ಹೋದರಲ್ಲ, ವೆಂಕಯ್ಯ ಮೊದಲು ಬಂದಿದ್ದೇ 1998ರಲ್ಲಿ." ಸರಿ, ಬಂದರು. ಆದರೆ ಆಗ ಕನಿಷ್ಠ ಇಲ್ಲಿನ ವೋಟರ್ ಲಿಸ್ಟಿನಲ್ಲಿ ಹೆಸರು ಬರೆಸಬೇಕಿತ್ತು. ಮನಮೋಹನ್ ಸಿಂಗ್ ಗುವಾಹಟಿಯಲ್ಲಿ ಬಾಡಿಗೆ ಮನೆಯ ಅಡ್ರೆಸ್ ಕೊಟ್ಟಿದ್ದರು. ನಾಳೆ ಪ್ರಧಾನಿ ಆಗೋರು ಬಾಡಿಗೆ ಮನೆ ಹುಡುಕುತ್ತಿದ್ದರು! ಅದು ಮರ್ಯಾದೆ. ಇಲ್ಲಿ ಬಂದು ಬಾಡಿಗೆ ಮನೆ ಹುಡುಕಲಿ ಬಿಡಿ. ಹತ್ತು ತಿಂಗಳ ಅಡ್ವಾನ್ಸ್ ಕೊಡಲಿ. "ವೆಜ್ಜಾ ನಾನ್‌ವೆಜ್ಜಾ" ಅಂತ ಓನರ್ ಕೇಳಲಿ. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಅಂತ ಹೇಳಲಿ. ಆಗ ಗೊತ್ತಾಗುತ್ತೆ ಕರ್ನಾಟಕದ ಸಮಸ್ಯೆ.

ಜಾರ್ಜ್ ಫರ್ನಾಂಡಿಸ್ ಹೆಸರನ್ನಂತೂ ಪ್ರತಿ ಸಲ ಯಾರಾದರೂ ಎತ್ತುತ್ತಾರೆ. ಮಂಗಳೂರಿನವರು ಬಿಹಾರದಿಂದ ಗೆಲ್ಲಲಿಲ್ಲವಾ ಅಂತ. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಮುಜಫ್ಫರ್‌ಪುರ ಗೆದ್ದರು, ಜನ ವೋಟು ಹಾಕಿದರು. ಇಂದಿರಾ ಗಾಂಧಿ 1978ರಲ್ಲಿ ಚಿಕ್ಕಮಗಳೂರಿಗೆ ಬಂದರು, ಜನ ವೋಟು ಹಾಕಿದರು. ಅದು ಲೋಕಸಭೆ. ಇದು ರಾಜ್ಯಸಭೆ. ಬೋರ್ಡ್ ಓದಿ, ರಾಜ್ಯ ಸಭೆ! ಏನು? ಜಾರ್ಜ್ 2009ರಲ್ಲಿ ಬಿಹಾರದಿಂದ ರಾಜ್ಯಸಭೆಗೂ ಹೋದರಾ? ಆಗ ಅವರಿಗೆ ವಯಸ್ಸಾಗಿತ್ತು, ಬಿಡಿ. ಮುಂದೆ ಹೋಗೋಣ.

ಆಮೇಲೆ ಮಲ್ಯ. "ಸ್ಥಳೀಯರು ಅಂತ ಕಳಿಸಿದಿರಲ್ಲ, 2002 ಮತ್ತು 2010, ಏನಾಯ್ತು?" ನೋಡಿ, ಅದು ನನ್ನ ವಾದಕ್ಕೇ ಬಲ. ಅವರು 2016ರ ಮಾರ್ಚಿನಲ್ಲಿ ಲಂಡನ್ನಿಗೆ ಹೋದರು, ಮೇ ತಿಂಗಳಲ್ಲಿ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಅಡ್ರೆಸ್ ಬದಲಾದ ಮೇಲೆ ಸೀಟು ಬಿಟ್ಟರು! ಆ ಒಂದು ವಿಷಯದಲ್ಲಿ ಅವರು ನಿಯಮ ಪಾಲಿಸಿದ ಹಾಗೇ ಆಯ್ತು. ಇದು ಜೋಕು, ಲೀಗಲ್ ನೋಟಿಸ್ ಕಳಿಸಬೇಡಿ. ಕಳಿಸಿದರೂ ಮೂರನೇ ಕ್ರಾಸಿಗೋ ಮೂರನೇ ಅಡ್ಡರಸ್ತೆಗೋ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.

ಈ ನಡುವೆ ಒಂದು ನಿಮಿಷ. ನಮ್ಮ ಚಾನೆಲ್ಲಿನ ಮಗ್ ಬಂದಿದೆ, ಇಲ್ಲಿ ನೋಡಿ. ಒಂದು ಕಡೆ "ಅಡ್ರೆಸ್ ಎಲ್ಲಿ?" ಅಂತಿದೆ, ಇನ್ನೊಂದು ಕಡೆ ನನ್ನ ಮುಖ. ಮುಖದ ಪ್ರಿಂಟು ಸ್ವಲ್ಪ ಅಳಿಸುತ್ತೆ, ಬಿಸಿನೀರಲ್ಲಿ ತೊಳೆಯಬೇಡಿ. ಲಿಂಕ್ ಕೆಳಗಿದೆ. ಡೆಲಿವರಿಗೆ ನಿಮ್ಮ ಪೂರ್ತಿ ಅಡ್ರೆಸ್, ಪಿನ್‌ಕೋಡ್, ಲ್ಯಾಂಡ್‌ಮಾರ್ಕ್ ಬರೆಯಲೇಬೇಕು. ಮಗ್ಗಿಗೂ ಬೇಕು! ನೋಡಿದ್ರಾ?

ಇನ್ನೂ ಏನೋ ಪಾಯಿಂಟ್ ಬರೆದುಕೊಂಡಿದ್ದೆ. ಅಮೆರಿಕದಲ್ಲಿ ಚಿಕ್ಕ ರಾಜ್ಯಕ್ಕೂ ದೊಡ್ಡ ರಾಜ್ಯಕ್ಕೂ ಎರಡೆರಡು ಸೆನೆಟರು, ನಮ್ಮಲ್ಲಿ ಉತ್ತರ ಪ್ರದೇಶಕ್ಕೆ 31, ಗೋವಾಕ್ಕೆ ಒಂದು... ಆದರೆ ಅಲ್ಲೂ ಗೆಲ್ಲೋ ಹೊತ್ತಿಗೆ ಆ ರಾಜ್ಯದಲ್ಲಿ ವಾಸ ಇರಲೇಬೇಕು ಅಂತ ಅವರ ಸಂವಿಧಾನದಲ್ಲೇ ಇದೆ. ಅಮೆರಿಕದವರಿಗೇ ಅಡ್ರೆಸ್ ಬೇಕು! ಆ ಹಾಳೆಯ ಮಿಕ್ಕ ಭಾಗದ ಮೇಲೆ ಕಾಫಿ ಚೆಲ್ಲಿದೆ, ಬಿಡಿ. ವಾದ ಏನಿದ್ದರೂ ಅದೇ. ಅಡ್ರೆಸ್. ಅಡ್ರೆಸ್. ಅಡ್ರೆಸ್. ಮಂತ್ರಿ ಆಗಲಿ, ನಟಿ ಆಗಲಿ, ವಕೀಲರಾಗಲಿ, ಮೊದಲು ಕೌಂಟರಿಗೆ ಬರಲಿ. ಎರಡು ಝೆರಾಕ್ಸ್ ತರಲಿ. ನನ್ನಮ್ಮನ ಹಿಂದೆ ಕ್ಯೂನಲ್ಲಿ ನಿಲ್ಲಲಿ. ಎಂಬತ್ತರ ಹತ್ತಿರ ಬಂದ ಹೆಂಗಸು ಸ್ವಾಮಿ, ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತಿದ್ದರು. ಅವರಿಗೆ ನಾನೊಬ್ಬನೇ ರೆಕಮೆಂಡೇಷನ್ನು.

ಕಾಮೆಂಟಿನಲ್ಲಿ ನಿಮ್ಮ ಊರು, ತಾಲ್ಲೂಕು ಬರೆಯಿರಿ. ಯಾವ ತಾಲ್ಲೂಕಿನವರು ಜಾಸ್ತಿ ಅಂತ ಮುಂದಿನ ವಾರ ಓದುತ್ತೇನೆ. ಹೋದ ಸಲ ಅರಸೀಕೆರೆಯವರು ಗೆದ್ದಿದ್ದರು, ತಿಪಟೂರಿನವರು ನಿದ್ದೆ ಮಾಡುತ್ತಿದ್ದಿರಾ? ಆ "ಯಾವ ಊರಿನವರಾದ್ರೆ ಏನ್ ಗುರು" ಅಂದ ಅಣ್ಣ ಇದ್ದಾರಲ್ಲ, ನೀವೂ ಬರೆಯಿರಿ. ಅವರ ಪ್ರೊಫೈಲ್ ತೆಗೆದು ನೋಡಿದೆ. ಊರಿನ ಜಾಗದಲ್ಲಿ "ಭೂಮಿ" ಅಂತ ಹಾಕಿಕೊಂಡಿದ್ದಾರೆ.

ಅಮ್ಮ ಕರೆಯುತ್ತಿದ್ದಾರೆ. ನಾಳೆ ಮತ್ತೆ ಆ ಕೌಂಟರಿಗೆ ಹೋಗಬೇಕು. ಕ್ರಾಸ್ ಅಂದರೆ ಅಡ್ಡರಸ್ತೆ ಅಂತ ಓನರ್ ಹತ್ತಿರ ಬರೆಸಿಕೊಂಡಿದ್ದೇನೆ, ಸಹಿ ಸಮೇತ.