ಐದು ಪದಕ್ಕೆ ಹನ್ನೆರಡೂವರೆ ಡಾಲರ್: ಸುದ್ದಿಯಿಂದ ಎಷ್ಟು ಎತ್ತಿಕೊಳ್ಳಬಹುದು?

[ಪರದೆ ಮೇಲೆ: 5–25 ಪದ, 12.50 ಡಾಲರ್ | 26–50, 17.50 | 51–100, 25 | 101–250, 50 | ಅದಕ್ಕೂ ಮೇಲೆ, 100]

ಇದು ಅಸೋಸಿಯೇಟೆಡ್ ಪ್ರೆಸ್, ಅಂದ್ರೆ ಎಪಿ ಸುದ್ದಿಸಂಸ್ಥೆಯ ಜಾಲತಾಣದಲ್ಲಿ 2008ರಲ್ಲಿ ಇದ್ದ ದರಪಟ್ಟಿ. ಅವರ ವರದಿಯಿಂದ ನಾಲ್ಕು ಪದ ಎತ್ತಿದ್ರೆ ಪುಕ್ಕಟೆ, ಐದನೇ ಪದಕ್ಕೆ ಮೀಟರ್ ಶುರು. ಎಷ್ಟೋ ಸುದ್ದಿಗಳ ತಲೆಬರಹವೇ ಐದು ಪದ ದಾಟುತ್ತೆ, ಆ ಮಾತು ಬೇರೆ.

ಅದೇ ವರ್ಷ ಜೂನ್‌ನಲ್ಲಿ ಓದುಗರು ಸುದ್ದಿ ತುಣುಕು ಹಂಚಿಕೊಳ್ಳೋ ಅಮೆರಿಕದ ಡ್ರಜ್ ರಿಟಾರ್ಟ್ ಅನ್ನೋ ತಾಣಕ್ಕೆ ಎಪಿ ನೋಟಿಸ್ ಕಳಿಸ್ತು: ಏಳು ಬರಹ ತೆಗೀರಿ ಅಂತ. ಅದರಲ್ಲಿದ್ದ ಉಲ್ಲೇಖಗಳು 33ರಿಂದ 79 ಪದದವು. ಪಟ್ಟಿ ಪ್ರಕಾರ ಚಿಕ್ಕದಕ್ಕೆ ಹದಿನೇಳೂವರೆ ಡಾಲರ್, ದೊಡ್ಡದಕ್ಕೆ 25. ಬ್ಲಾಗರ್‌ಗಳು ರೊಚ್ಚಿಗೆದ್ದರು. ನೋಟಿಸ್ ಸ್ವಲ್ಪ ಜೋರಾಯ್ತು ಅಂತ ಎಪಿಯೇ ಒಪ್ಪಿಕೊಳ್ತು, ವಿಷಯ ಕೋರ್ಟ್ ಮೆಟ್ಟಿಲು ಹತ್ತಲೇ ಇಲ್ಲ.

ದರಪಟ್ಟಿ ಪ್ರಕಾಶಕರ ಬೇಡಿಕೆ ಅಷ್ಟೇ, ಕಾನೂನಲ್ಲ. ಅಮೆರಿಕದ ಕಾಪಿರೈಟ್ ಕಾಯ್ದೆಯ 107ನೇ ಸೆಕ್ಷನ್, ಅನುಮತಿ ಇಲ್ಲದೆ ಬಳಸಿದ್ದು ನ್ಯಾಯವೇ ಅಂತ ನೋಡೋಕೆ ನಾಲ್ಕು ಪ್ರಶ್ನೆ ಕೇಳುತ್ತೆ: ಯಾಕೆ ಬಳಸಿದ್ರಿ, ಮೂಲ ಎಂಥದ್ದು, ಎಷ್ಟು ತಗೊಂಡ್ರಿ, ಅವರ ಮಾರುಕಟ್ಟೆಗೆ ಏಟು ಬಿತ್ತಾ. ಇಷ್ಟು ಪದ ಅನ್ನೋ ಲೆಕ್ಕ ಅದರಲ್ಲಿ ಎಲ್ಲೂ ಇಲ್ಲ.

[ಪರದೆ ಮೇಲೆ: 2,00,000 ಪದ → 300 ಪದ]

1985ರ ಒಂದು ತೀರ್ಪು ನೋಡಿ. ಅಮೆರಿಕದ ಮಾಜಿ ಅಧ್ಯಕ್ಷ ಫೋರ್ಡ್ ಅವರ ಆತ್ಮಕಥೆಯ ಹಸ್ತಪ್ರತಿ ಸುಮಾರು 2 ಲಕ್ಷ ಪದ. ಅದು ಪ್ರಕಟವಾಗೋ ಮೊದಲೇ ದಿ ನೇಷನ್ ಪತ್ರಿಕೆ ಅದರಿಂದ ಸುಮಾರು 300 ಪದ ಎತ್ತಿ ಹಾಕ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಯಾಕಂದ್ರೆ ಎತ್ತಿದ್ದು ಪುಸ್ತಕದ ತಿರುಳನ್ನೇ: ತಮಗಿಂತ ಹಿಂದಿನ ಅಧ್ಯಕ್ಷ ನಿಕ್ಸನ್‌ಗೆ ಫೋರ್ಡ್ ಕ್ಷಮೆ ಕೊಟ್ಟ ಭಾಗ. ಆ ಪುಸ್ತಕದ ಆಯ್ದ ಭಾಗಕ್ಕೆ ಒಪ್ಪಂದ ಮಾಡಿಕೊಂಡಿದ್ದ ಟೈಮ್ ಪತ್ರಿಕೆ ಬಾಕಿ 12,500 ಡಾಲರ್ ಕೊಡದೆ ಹಿಂದೆ ಸರಿದಿತ್ತು.

ಈಗ ಸುದ್ದಿಗೆ ಬನ್ನಿ. ಸುದ್ದಿಯ ತಿರುಳು ಎಲ್ಲಿರುತ್ತೆ? ಮೊದಲ ಪ್ಯಾರಾದಲ್ಲಿ. ಯಾರು, ಏನು, ಎಲ್ಲಿ, ಯಾವಾಗ ಎಲ್ಲ ಅಲ್ಲೇ ಮುಗಿದಿರುತ್ತೆ. ಬ್ಲಾಗರ್‌ಗಳು ಕಾಪಿ ಹೊಡೆಯೋದೂ ಅದನ್ನೇ. ಅಲ್ಲಿಗೆ ಓದುಗ ಲಿಂಕ್ ಒತ್ತೋ ಕಾರಣವೇ ಉಳಿಯಲ್ಲ. 2013ರಲ್ಲಿ, ಸುದ್ದಿ ತುಣುಕು ಹೆಕ್ಕಿ ಗ್ರಾಹಕರಿಗೆ ಕೊಡೋ ಮೆಲ್ಟ್‌ವಾಟರ್ ಕಂಪನಿ ಎಪಿ ವಿರುದ್ಧ ಸೋತಾಗಲೂ ಈ ಮೊದಲ ಸಾಲುಗಳೇ ಮುಖ್ಯವಾದವು. ಮೆಲ್ಟ್‌ವಾಟರ್ ಎತ್ತಿದ್ದು ಒಂದೊಂದು ವರದಿಯ 4.5ರಿಂದ 61 ಶೇಕಡಾ.

ಹಾಗಾಗಿ ಮೊದಲ ಪ್ಯಾರಾ ಮುಟ್ಟಬೇಡಿ. ಘಟನೆಯನ್ನ ನಿಮ್ಮ ಮಾತಲ್ಲೇ ಹೇಳಿ, ಸಂಗತಿಗಳಿಗೆ ಕಾಪಿರೈಟ್ ಇಲ್ಲ. ನೀವು ತಕರಾರು ಎತ್ತಬೇಕು ಅಂದುಕೊಂಡ ವಾಕ್ಯವನ್ನ ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ, ಅದರ ಕೆಳಗೇ ನಿಮ್ಮ ವಾದ ಬರಲಿ. ಲಿಂಕ್ ಕೊಡಿ, ಆದರೆ ಲಿಂಕ್ ಕೊಟ್ಟ ಮಾತ್ರಕ್ಕೆ ನಕಲು ಸಕ್ರಮ ಆಗಲ್ಲ.

ಯುರೋಪಲ್ಲಿ ಹಗ್ಗ ಇನ್ನೂ ಬಿಗಿ. 11 ಪದದ ತುಣುಕಿಗೂ ರಕ್ಷಣೆ ಸಿಗಬಹುದು ಅಂತ ಅಲ್ಲಿನ ನ್ಯಾಯಾಲಯ 2009ರಲ್ಲೇ ಹೇಳಿದೆ.

[ಪರದೆ ಮೇಲೆ: ನೋಟಿಸ್ ಬಂದರೆ]

ಅಮೆರಿಕದ ಹೋಸ್ಟಿಂಗ್ ಕಂಪನಿ ದೂರು ಬಂದ ಕೂಡಲೇ ಸಾಮಾನ್ಯವಾಗಿ ಬರಹ ಇಳಿಸಿಬಿಡುತ್ತೆ. ಸಿಟ್ಟಲ್ಲಿ ಬರೆದ ಇಮೇಲ್ ಅಲ್ಲಿ ನಡೆಯಲ್ಲ, ಕೌಂಟರ್ ನೋಟಿಸ್, ಅಂದ್ರೆ ದೂರಿಗೆ ಎದುರಾಗಿ ನೀವು ಕಳಿಸೋ ನೋಟಿಸ್ ಬೇಕು: ಇಳಿಸಿದ ಬರಹ ಯಾವುದು, ಅದು ಎಲ್ಲಿತ್ತು, ತಪ್ಪಾಗಿ ತೆಗೆದಿದ್ದಾರೆ ಅನ್ನೋ ಪ್ರಮಾಣ, ಅಮೆರಿಕದ ಕೋರ್ಟ್ ವ್ಯಾಪ್ತಿಗೆ ಒಪ್ಪಿಗೆ, ಹೆಸರು, ವಿಳಾಸ, ಫೋನ್, ಸಹಿ. ದೂರು ಕೊಟ್ಟವರು ಕೇಸ್ ಹಾಕದಿದ್ರೆ 10ರಿಂದ 14 ಕೆಲಸದ ದಿನದಲ್ಲಿ ಬರಹ ವಾಪಸ್. ಆ ಕೌಂಟರ್ ನೋಟಿಸ್ ದೂರು ಕೊಟ್ಟವರ ಕೈಗೂ ಹೋಗುತ್ತೆ. ಗುಟ್ಟಾಗಿ, ಬೇರೆ ಹೆಸರಲ್ಲಿ ಬರೆಯೋರು ಹಿಂದೆ ಸರಿಯೋದು ಅಲ್ಲೇ.