ಬೆರಕೆ ಸೊಪ್ಪಿನ ಪಾಠ

ಕೇಳುಗರಿಗೆ ನಮಸ್ಕಾರ.

ಒಳ್ಳೆ ಮಳೆ ಬಿದ್ದರೆ ಸಾಕು, ಹೊಲದ ಬದುವಿನಲ್ಲಿ ಸೊಪ್ಪು ತಾನಾಗೇ ಏಳುತ್ತೆ. ಯಾರೂ ಬಿತ್ತಿದ್ದಲ್ಲ. ಅಣ್ಣೆ, ಹೊನಗೊನೆ, ಗಣಿಕೆ, ಎಲ್ಲ ಒಂದರ ಸಂದಿಯಲ್ಲಿ ಇನ್ನೊಂದು. ಹಳೇ ಮೈಸೂರು ಕಡೆ ಇದಕ್ಕೆ ಬೆರಕೆ ಸೊಪ್ಪು ಅಂತೀವಿ. ಚಿಕ್ಕವನಿದ್ದಾಗ ಅಜ್ಜಿಯ ಹಿಂದೆ ಮಂಕರಿ ಹಿಡಿದು ಹೋಗುತ್ತಿದ್ದೆ. "ಹೊನಗೊನೆ ಅಂದ್ರೆ ಹೀಗಿರುತ್ತೆ" ಅಂತ ಅಜ್ಜಿ ಒಂದು ದಿನವೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ನಾನು ಕಿತ್ತಿದ್ದನ್ನು ನೋಡಿ, "ಇದಲ್ಲ ಕಣೋ" ಅಂತ ಬಿಸಾಕುತ್ತಿದ್ದಳು. ಅಷ್ಟೇ ಪಾಠ.

ಎರಡು ಮಳೆಗಾಲದಲ್ಲಿ ಕಣ್ಣು ಪಳಗಿತು. ಹೊನಗೊನೆಯ ಎಲೆ ಜೋಡಿ ಜೋಡಿ, ಎಲೆಯ ಬುಡದಲ್ಲಿ ಪುಟ್ಟ ಬಿಳಿ ಹೂವು. ಅಣ್ಣೆಗೆ ಹೂವು ತುದಿಯಲ್ಲಿ, ತೆನೆಯ ಹಾಗೆ. ಇದನ್ನೆಲ್ಲ ಮಾತಿನಲ್ಲಿ ಹೇಳಲು ಬಂದದ್ದು ಮಾತ್ರ ಎಷ್ಟೋ ವರ್ಷದ ಮೇಲೆ.

ಅಜ್ಜಿಯ ಪಾಠ ಯಾಕೆ ಫಲಿಸಿತು ಅನ್ನೋದಕ್ಕೆ ಅಮೆರಿಕದ ಒಂದು ಪ್ರಯೋಗದಲ್ಲಿ ಸುಳಿವಿದೆ. 2008ರಲ್ಲಿ ನೇಟ್ ಕಾರ್ನೆಲ್ ಮತ್ತು ರಾಬರ್ಟ್ ಬ್ಯೋರ್ಕ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಹೆಚ್ಚು ಹೆಸರು ಮಾಡದ 12 ಚಿತ್ರಕಾರರು, ಒಬ್ಬೊಬ್ಬರದೂ 6 ಚಿತ್ರ. ಕೆಲವರ ಚಿತ್ರಗಳನ್ನು ಒಟ್ಟಿಗೆ, ಒಂದಾದ ಮೇಲೊಂದು ತೋರಿಸಿದರು. ಉಳಿದವರದನ್ನು ಕಲಸಿ ತೋರಿಸಿದರು. ಆಮೇಲೆ ಅದೇ ಚಿತ್ರಕಾರರ ಹೊಸ ಚಿತ್ರ ಇಟ್ಟು, ಇದು ಯಾರದು ಅಂತ ಕೇಳಿದರು. ಕಲಸಿ ತೋರಿಸಿದವರದೇ ಜಾಸ್ತಿ ಗುರುತು ಸಿಕ್ಕಿತು.

ನನಗೆ ಹಿಡಿಸಿದ್ದು ಇದರ ಮುಂದಿನ ಮಾತು. ಪರೀಕ್ಷೆ ಮುಗಿದ ಮೇಲೂ, ಯಾವ ಕ್ರಮದಲ್ಲಿ ಚೆನ್ನಾಗಿ ಕಲಿತಿರಿ ಅಂದರೆ, ನೋಡಿದವರಲ್ಲಿ ಹೆಚ್ಚಿನವರು "ಒಟ್ಟಿಗೆ ತೋರಿಸಿದಾಗ" ಅಂದರಂತೆ! ಒಂದೇ ಬಗೆಯದು ಸಾಲಾಗಿ ಬಂದರೆ "ಗೊತ್ತಾಯ್ತು ಬಿಡಿ" ಅನ್ನಿಸುತ್ತೆ ಅಲ್ವಾ? ಹೋಲಿಕೆ ಕಾಣುತ್ತೆ, ಹಿತವಾಗಿರುತ್ತೆ. ಆದರೆ ಗುರುತು ಹಿಡಿಯಲು ಬೇಕಾದ್ದು ಪಕ್ಕದ್ದಕ್ಕೂ ಇದಕ್ಕೂ ಇರೋ ವ್ಯತ್ಯಾಸ. ಅದು ಕಾಣಬೇಕಾದರೆ ಪಕ್ಕದ್ದು ಪಕ್ಕದಲ್ಲೇ ಇರಬೇಕು. ನಮ್ಮ ಲೆಕ್ಕದ ಪುಸ್ತಕದಲ್ಲಿ ಕೂಡೋ ಲೆಕ್ಕವೆಲ್ಲ ಒಂದು ಕಡೆ, ಕಳೆಯೋದೆಲ್ಲ ಇನ್ನೊಂದು ಕಡೆ ಇರುತ್ತಿತ್ತು. ಪರೀಕ್ಷೆಯಲ್ಲಿ ಎರಡೂ ಬೆರೆತು ಬಂದಾಗ ನಾನು ತಬ್ಬಿಬ್ಬಾಗಿದ್ದು ಸುಮ್ನೆ ಅಲ್ಲ.

ಕಲಿತದ್ದೆಲ್ಲ ತಲೆಯಲ್ಲಿ ಒಂದೇ ಕಡೆ ಕೂರುತ್ತಾ? 1993ರಲ್ಲಿ ಬಾರ್ಬರಾ ನೋಲ್ಟನ್ ಮತ್ತು ಲ್ಯಾರಿ ಸ್ಕ್ವೈರ್ ಅನ್ನೋ ಸಂಶೋಧಕರು, ನೆನಪಿನ ಶಕ್ತಿ ಕೆಟ್ಟ ರೋಗಿಗಳಿಗೆ ಚುಕ್ಕಿ ಚಿತ್ರಗಳನ್ನು ತೋರಿಸಿದರು. ಎಲ್ಲವೂ ಒಂದೇ ಮೂಲ ಚಿತ್ರವನ್ನು ಚೂರು ಅತ್ತಿತ್ತ ಮಾಡಿದ್ದು. ಮುಂಚೆ ನೋಡಿದ್ದು ಯಾವುದು ಅಂದರೆ ರೋಗಿಗಳು ತಡವರಿಸಿದರು. ಹೊಸ ಚಿತ್ರ ಕೊಟ್ಟು, ಇದು ಆ ಬಗೆಯದೇ ಅಂತ ಕೇಳಿದರೆ ಮಾತ್ರ ಆರೋಗ್ಯವಂತರಷ್ಟೇ ಚೆನ್ನಾಗಿ ಹೇಳಿದರು. ಒಂದೊಂದನ್ನೂ ನೆನಪಿಡುವುದು ಬೇರೆ, ಬಗೆಯನ್ನು ಅರಿಯುವುದು ಬೇರೆ.

ಮೊನ್ನೆ ಊರಿಗೆ ಹೋಗಿದ್ದೆ. ಅತ್ತಿಗೆ ಬೆರಕೆ ಸೊಪ್ಪು ಸುರಿದುಕೊಂಡು ಸೋಸುತ್ತಿದ್ದರು. ನಾನೂ ಕೂತೆ. ಮೂರು ಸೊಪ್ಪಿನ ಹೆಸರು ಬಾಯಿಗೇ ಬರಲಿಲ್ಲ. ಅಷ್ಟರಲ್ಲಿ ಕೈ ಒಂದು ಕುಡಿಯನ್ನು ಎತ್ತಿ ಆಚೆ ಹಾಕಿತು.

"ಅದ್ಯಾಕೆ ತೆಗೆದೆ?" ಅಂದರು ಅತ್ತಿಗೆ.

"ಇದಲ್ಲ" ಅಂದೆ.

ನಮಸ್ಕಾರ.